ಐದು ಜನ ಬ್ರೂವರಿಗೆ ಹೋಗ್ತಿದ್ದೀವಿ, ಇಬ್ಬರು ಕುಡಿಯಲ್ಲ. ಹೋಗಿ ಬಂದವರು ಹೇಳಿ

ಕಾಲೇಜಿನ ಐದು ಜನ ನಾಲ್ಕು ವರ್ಷದ ಮೇಲೆ ಸೇರ್ತಿದ್ದೀವಿ. ಇಂದಿರಾನಗರದ ಕಡೆ, ಟಾಯ್ಟ್ ಥರ ಎರಡು ಮೂರು ಊರಲ್ಲಿ ಶಾಖೆ ಇರೋ, ಬಿಯರ್ ತಾವೇ ತಯಾರಿಸಿ ಕೊಡೋ ಬ್ರೂವರಿಗೆ ಹೋಗೋಣ ಅಂತ ಮಾತಾಗಿದೆ. ಇಬ್ಬರು ಕುಡಿಯಲ್ಲ. ನನಗೂ ಇದೇ ಮೊದಲು. ಏನು ನೋಡ್ಕೋಬೇಕು?

ಉತ್ತರ 1
ಮೊದಲು ಬಿಲ್ಲಿನ ಮಾತು ಮುಗಿಸಿ, ಆಮೇಲೆ ಹೊರಡಿ. ನಮ್ಮ ಗುಂಪಲ್ಲಿ ಒಬ್ಬ ಕುಡಿಯಲ್ಲ. ಮೂರು ಸಲ ಲೈಮ್ ಸೋಡಾ, ಒಂದು ಪ್ಲೇಟ್ ಪನೀರ್ ತಿಂದು ನಮ್ಮಷ್ಟೇ ದುಡ್ಡು ಕೊಟ್ಟ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನಾಲ್ಕನೇ ಸಲದಿಂದ ಏನೋ ಕೆಲಸ ಇದೆ ಅನ್ನೋಕೆ ಶುರು ಮಾಡಿದ. ಕಾರಣ ಹೊಳೆಯೋಕೆ ನಮಗೆ ಆರು ತಿಂಗಳು ಹಿಡೀತು. ಇವತ್ತಿಗೂ ಅದು ನನಗೆ ಚುಚ್ಚುತ್ತೆ. ಈಗ ಕೂತ ಕೂಡಲೇ ಬಿಯರ್‌ಗೆ ಒಂದು ಬಿಲ್, ಊಟಕ್ಕೆ ಒಂದು ಬಿಲ್ ಅಂತ ಹೇಳಿಬಿಡ್ತೀವಿ. ಮದ್ಯ ಜಿಎಸ್‌ಟಿಗೆ ಬರಲ್ಲ, ಅದರ ತೆರಿಗೆಯೇ ಬೇರೆ. ಹಾಗಾಗಿ ಬೇರೆ ಮಾಡೋದು ಕಷ್ಟ ಅಲ್ಲ. ಸರ್ವಿಸ್ ಚಾರ್ಜ್ ಸೇರಿಸಿದ್ರೆ, ಅದು ಕಡ್ಡಾಯ ಅಲ್ಲ ಅಂತ 2022ರಲ್ಲೇ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ತೆಗೀರಿ ಅಂತ ಮರ್ಯಾದೆಯಿಂದ ಕೇಳಿ.

ಇನ್ನು ಬಿಯರ್. ನೇರ ದೊಡ್ಡ ಮಗ್ ಹೇಳ್ಬೇಡಿ, ಸ್ಯಾಂಪ್ಲರ್ ಕೇಳಿ. ಪುಟ್ಟ ಲೋಟಗಳಲ್ಲಿ ನಾಲ್ಕೈದು ಬಗೆ ಬರುತ್ತೆ. ಹೆಫೆವೈಜನ್ ಅಂದ್ರೆ ಗೋಧಿ ಬಿಯರ್, ಬಾಳೆಹಣ್ಣು ಲವಂಗದ ಘಮ ಇರುತ್ತೆ. ಹಣ್ಣು ಹಾಕಿರಲ್ಲ, ಯೀಸ್ಟ್‌ನಿಂದಲೇ ಬರೋ ಘಮ ಅದು. ಬೆಲ್ಜಿಯನ್ ವಿಟ್ ಅನ್ನೋ ಇನ್ನೊಂದು ಗೋಧಿ ಬಿಯರ್‌ಗೆ ಕಿತ್ತಳೆ ಸಿಪ್ಪೆ ಮತ್ತು ನಮ್ಮ ಸಾರಿನ ಪುಡಿಗೆ ಹಾಕೋ ಅದೇ ಕೊತ್ತಂಬರಿ ಬೀಜ ಬೀಳುತ್ತೆ. ಗಟ್ಟಿ ಡಿಕಾಕ್ಷನ್ ಇಷ್ಟ ಇದ್ರೆ ಸ್ಟೌಟ್: ಚೆನ್ನಾಗಿ ಹುರಿದ ಬಾರ್ಲಿಯ ಕಹಿ. ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್, ಅದರ ಕಹಿ ಹಾಪ್ಸ್ ಅನ್ನೋ ಹೂವಿನದು. ಹಾಗಲಕಾಯಿ ಗೊಜ್ಜು ಸೇರದವರು ಅದನ್ನ ಕೊನೆಗೆ ಇಟ್ಕೊಳ್ಳಿ.

ಉತ್ತರ 2
ನಾನು ಕುಡಿಯದವಳು, ಅದಕ್ಕೇ ಬರೀತಿದ್ದೀನಿ. "ಒಂದು ಗುಟುಕು ನೋಡೇ, ಏನಾಗಲ್ಲ" ಅನ್ನೋ ಮಾತು ಯಾರೂ ಆಡದ ಹಾಗೆ ಮೊದಲೇ ನೋಡ್ಕೊಳ್ಳಿ. ಇಡೀ ಸಂಜೆ ಕೆಡೋಕೆ ಅಷ್ಟೇ ಸಾಕು. ಶನಿವಾರ ರಾತ್ರಿ ಬೇಡ, ಹಾಡಿನ ಗಲಾಟೇಲಿ ಎದುರಿಗೆ ಕೂತವರ ಮಾತೇ ಕೇಳಲ್ಲ. ನಾಲ್ಕು ವರ್ಷದ ಮಾತು ಬಾಕಿ ಇದೆಯಲ್ಲ! ವಾರದ ದಿನ ಆರು ಗಂಟೆಯೊಳಗೆ ಹೋಗಿ, ಸ್ಪೀಕರ್‌ನಿಂದ ದೂರದ ಟೇಬಲ್ ಕೇಳಿ.

ಉತ್ತರ 3
ಗಾಡಿ ತರಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದ್ರೆ ಕೇಸು, ಮೊದಲ ಸಲವೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೋ ಇದೆ, ಕೊನೆಯ ರೈಲು ಎಷ್ಟೊತ್ತಿಗೆ ಅಂತ ಹೋಗುವಾಗಲೇ ನೋಡ್ಕೊಳ್ಳಿ. ಕುಡಿಯದವರು ಇದ್ದಾರೆ, ಅವರೇ ಬಿಡ್ತಾರೆ ಅಂತ ಮಾತ್ರ ಲೆಕ್ಕ ಹಾಕ್ಬೇಡಿ. ನಮ್ಮ ಗುಂಪಲ್ಲಿ ನನ್ನನ್ನ ಎರಡು ವರ್ಷ ಹಾಗೇ ಡ್ರೈವರ್ ಮಾಡಿದ್ರು.

ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುರುವಾರ ಆರಕ್ಕೆ ಟೇಬಲ್ ಹೇಳಿದ್ದೀನಿ. ಎರಡು ಬಿಲ್ ಅಂತ ಗುಂಪಿಗೆ ಈಗಲೇ ಮೆಸೇಜ್ ಹಾಕ್ದೆ. ಮೊದಲು ಸರಿ ಅಂದಿದ್ದು ಆ ಇಬ್ಬರೇ.