ಸಹಾಯ ಬೇಕು: ಕಾಚಂಪುಳಿಗೆ ಸಣ್ಣ ಗಾಜಿನ ಬಾಟಲಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆಯ ಹಳ್ಳಿಯಲ್ಲಿ ನಮ್ಮದು 11 ಹೆಂಗಸರ ಸ್ವಸಹಾಯ ಸಂಘ. ನಾಟಿ, ಕಾಫಿ ಕೊಯ್ಲು ಎಲ್ಲಾ ಮುಯ್ಯಾಳು ಲೆಕ್ಕದಲ್ಲೇ (ಕೂಲಿ ಇಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗೋದು) ನಡೆಯುತ್ತೆ. ಈ ಮಳೆಗಾಲ ಒಟ್ಟಿಗೆ ಕಾಚಂಪುಳಿ, ಅಂದ್ರೆ ಹುಳಿ ಹಣ್ಣಿನಿಂದ ಮಾಡೋ ಕೊಡಗಿನ ಅಡುಗೆ ಹುಳಿ, ಮಾಡಿದ್ವಿ. ಹಣ್ಣನ್ನು ಬುಟ್ಟಿಗೆ ತುಂಬಿ, ಇಳಿದ ರಸವನ್ನು ಸೌದೆ ಒಲೆಯಲ್ಲಿ ಕಪ್ಪಗೆ ಗಟ್ಟಿಯಾಗೋವರೆಗೂ ಕುದಿಸಿದ್ದು. (ಹೊಗೆಗೆ ಕಣ್ಣೆಲ್ಲ ಉರಿ!)

ಸೆಪ್ಟೆಂಬರ್ 3ರ ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಮನೆಮನೆಯಲ್ಲೂ ಪಂದಿಕರಿ (ಹಂದಿ ಮಾಂಸದ ಸಾರು), ಅದಕ್ಕೆ ಈ ಹುಳಿ ಬೇಕು, ಹಾಗಾಗಿ ಹಬ್ಬಕ್ಕೆ ಮೊದಲೇ ಮಾರಬೇಕು. ಹೋದ ವರ್ಷ ಹಳೇ ಜ್ಯೂಸ್ ಬಾಟಲಿಯಲ್ಲಿ ಕೊಟ್ಟಿದ್ದಕ್ಕೆ ಒಬ್ಬರು "ಇದೇನು, ಗಾಡಿ ಆಯಿಲಾ?" ಅಂದ್ರು.

100 ಎಂಎಲ್‌ನ 200 ಬಾಟಲಿ ಸಾಕು, ಅಂಗಡಿಯವರು ಸಾವಿರಕ್ಕೆ ಕಮ್ಮಿ ಕೊಡಲ್ಲ ಅಂತಾರೆ. ಹುಳಿಗೆ ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತೆ, ಪ್ಲಾಸ್ಟಿಕ್ ಮುಚ್ಚಳದ್ದೇ ಬೇಕು. ಬೇರೆ ಸಂಘದ ಅಕ್ಕಂದಿರು ಯಾರಾದ್ರೂ ತರಿಸ್ತಿದ್ರೆ ಪಾಲು ಹಾಕಿಕೊಳ್ಳೋಣ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದವರು ಇದ್ರೂ ದಯವಿಟ್ಟು ಹೇಳಿ.