ಓದುಗರ ಸ್ಪಂದನ: ಅಮ್ಮ ತಗೊಂಡ ಮಾತ್ರೆ

ಹೋದ ತಿಂಗಳು ಮೈಸೂರಿನ ಓದುಗರೊಬ್ಬರು ಬರೆದ ಸಮಸ್ಯೆ ನಿಮಗೆ ನೆನಪಿರಬಹುದು. ಅವರಿಗೆ 51 ವರ್ಷ. ಮೂರು ಸಲ ಗರ್ಭ ನಿಂತರೂ ಉಳಿಯಲಿಲ್ಲ. ಗರ್ಭಕೋಶ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿದೆ ಎಂದು ಆಗಲೇ ಡಾಕ್ಟರ್ ಹೇಳಿದ್ದರು. ಯಾಕೆ ಹಾಗೆ ಎಂದು ಯಾರೂ ಹೇಳಿರಲಿಲ್ಲ. ಈಚೆಗೆ ಹಳೇ ಮನೆ ಖಾಲಿ ಮಾಡುವಾಗ ತಾಯಿಯ ಟ್ರಂಕಿನಲ್ಲಿ 1974ರ ಒಂದು ಚೀಟಿ ಸಿಕ್ಕಿತು. ಗರ್ಭ ಉಳಿಯಲೆಂದು ಬರೆದುಕೊಟ್ಟ ಮಾತ್ರೆ, ‘ಸ್ಟಿಲ್ಬೆಸ್ಟ್ರಾಲ್’. ತೋರಿಸಿದಾಗ ಡಾಕ್ಟರ್, ‘ಇದೇ ಕಾರಣ ಇರಬೇಕು’ ಎಂದರಂತೆ. ತಾಯಿಗೆ ಈಗ 76. ‘ಅಮ್ಮನಿಗೆ ಹೇಳಬೇಕೇ, ಬೇಡವೇ?’ ಎಂಬುದು ಅವರ ಪ್ರಶ್ನೆ. ತಂಗಿಯೊಬ್ಬಳಿದ್ದಾಳೆ ಎಂದು ಪತ್ರದ ಕೊನೆಯಲ್ಲಿ ಒಂದೇ ಒಂದು ಸಾಲು ಇತ್ತು.

ಪತ್ರಗಳು ಬಹಳ ಬಂದಿವೆ. ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಮಂಡ್ಯದಿಂದ

76 ವರ್ಷದ ತಾಯಿಗೆ ಈಗ ಹೇಳಿ ಏನು ಸಾಧಿಸುತ್ತೀರಿ? ಕಳೆದುಹೋದದ್ದು ವಾಪಸ್ ಬರುತ್ತಾ? ಚೀಟಿ ಹರಿದು ಒಲೆಗೆ ಹಾಕಿ. ಹೆತ್ತವಳ ಹೊಟ್ಟೆ ಉರಿಸಬೇಡಿ.

*ಹೀಗೆ ಬರೆದವರು ಇನ್ನೂ ಹಲವರು. ಅವರೆಲ್ಲ ಮಕ್ಕಳ ಜಾಗದಲ್ಲಿ ನಿಂತು ಬರೆದವರು. ತಾಯಿಯ ಜಾಗದಿಂದ ಬಂದದ್ದು ಮುಂದಿನ ಪತ್ರ ಒಂದೇ. ಉದ್ದವಾಗಿದೆ, ಆದರೂ ಕತ್ತರಿ ಹಾಕಿಲ್ಲ.*

ಶ್ರೀರಂಗಪಟ್ಟಣದಿಂದ

ಆ ಮಗಳಿಗೆ ನನ್ನ ಆಶೀರ್ವಾದ. ನನಗೀಗ 81. ಕಣ್ಣು ಅಷ್ಟು ಕಾಣಿಸುವುದಿಲ್ಲ. ನಾನು ಹೇಳಿದ್ದನ್ನು ಮೊಮ್ಮಗ ಬರೆಯುತ್ತಿದ್ದಾನೆ.

ನಾನೂ ಆ ಮಾತ್ರೆ ತಗೊಂಡವಳು. ನನಗೆ ಮೊದಲು ಎರಡು ಸಲ ಹೋಗಿತ್ತು. ಒಂದು ಮೂರು ತಿಂಗಳಿಗೆ, ಇನ್ನೊಂದು ಐದು ತುಂಬಿದ ಮೇಲೆ. ಅತ್ತೆ ಮನೆಯಲ್ಲಿ ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆದರೆ ಅರಿಸಿನ ಕುಂಕುಮಕ್ಕೆ ಕರೆಯುವಾಗ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. 1968ರಲ್ಲಿ ಮೂರನೇ ಸಲ ನಿಂತಾಗ ಡಾಕ್ಟರು ಈ ಮಾತ್ರೆ ಬರೆದುಕೊಟ್ಟರು. ಒಳ್ಳೆಯ ಡಾಕ್ಟರೇ. ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ನಮ್ಮವರು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ತರುತ್ತಿದ್ದರು. ಅದಕ್ಕೆಂದು ಹಾಲು ಮಾರಿದ ದುಡ್ಡು ತೆಗೆದಿಡುತ್ತಿದ್ದೆ. ದೇವರ ಮುಂದೆ ನಿಂತು ನುಂಗುತ್ತಿದ್ದೆ. ಮಗಳು ಹುಟ್ಟಿದಳು. ಆ ಮಾತ್ರೆಯಿಂದಲೇ ಉಳಿದಳು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಮಗ ಹುಟ್ಟಿದಾಗ ಯಾವ ಮಾತ್ರೆಯೂ ಬೇಕಾಗಲಿಲ್ಲ.

ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋದಳು. ಅಲ್ಲಿ ಗರ್ಭ ಕೊಳವೆಯಲ್ಲಿ ನಿಂತು, ಒಡೆದು, ಸಾಯುವುದರಲ್ಲಿ ಬದುಕಿದಳು. ಅದಾದ ಸ್ವಲ್ಪ ದಿನಕ್ಕೆ ಫೋನಿನಲ್ಲಿ ಕೇಳಿದಳು. ‘ಅಮ್ಮ, ನಾನು ಹೊಟ್ಟೆಯಲ್ಲಿದ್ದಾಗ ಏನಾದರೂ ಮಾತ್ರೆ ತಗೊಂಡಿದ್ಯಾ?’ ‘ಹೂಂ ಕಣೇ, ಒಂದು ದಿನಾನೂ ತಪ್ಪಿಸಲಿಲ್ಲ’ ಅಂದೆ. ‘ಸರಿ ಬಿಡಮ್ಮ, ಸುಮ್ನೆ ಕೇಳ್ದೆ’ ಅಂದಳು. ಅಷ್ಟೇ. ಮುಂದೆ ಆ ಮಾತು ಎತ್ತಲೇ ಇಲ್ಲ.

ಅವಳಿಗೆ ಗೊತ್ತಿತ್ತು. ಅಳಿಯನಿಗೆ ಗೊತ್ತಿತ್ತು. ನನ್ನ ಮಗನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಪ್ರತಿ ಭಾನುವಾರ ಅವಳು ಫೋನ್ ಮಾಡಿದಾಗ ‘ಇನ್ನೊಂದು ಸಲ ನೋಡೇ, ವಯಸ್ಸು ಮೀರ್ತಿದೆ’ ಅನ್ನುತ್ತಿದ್ದೆ. ಎಷ್ಟೋ ವರ್ಷ ಅಂದಿದ್ದೇನೆ. ಅವಳು ‘ಆಯ್ತಮ್ಮ’ ಅಂತ ಕೇಳಿಸಿಕೊಂಡಳು. ನನಗೆ ಹೇಳಿದ್ದಿದ್ದರೆ ಆ ಮಾತು ನನ್ನ ಬಾಯಲ್ಲಿ ಬರುತ್ತಿತ್ತಾ? ಕೊನೆಗೆ ಒಂದು ಮದುವೆ ಮನೆಯಲ್ಲಿ ಅಳಿಯನ ಕಡೆಯವರೊಬ್ಬರು, ನನಗೆ ಗೊತ್ತಿದೆ ಎಂದುಕೊಂಡೇ, ಊಟಕ್ಕೆ ಕೂತಾಗ ಹೇಳಿದರು.

ಮಾತ್ರೆ ತಗೊಂಡದ್ದಕ್ಕೆ ನಾನು ತಪ್ಪಿತಸ್ಥೆ ಅಂದುಕೊಂಡಿಲ್ಲ. ಮಗು ಉಳಿಯಲಿ ಅಂತ, ಡಾಕ್ಟರು ಹೇಳಿದ್ದನ್ನು ತಗೊಂಡೆ. ಯಾವ ತಾಯಿಯಾದರೂ ತಗೋತಾಳೆ. ನನಗೆ ಇವತ್ತಿಗೂ ಸಂಕಟ ಆಗುವುದು ಬೇರೆಯದಕ್ಕೆ. ನನ್ನ ಮಗಳು ಅಷ್ಟು ದೂರದಲ್ಲಿ ಒಬ್ಬಳೇ ಅತ್ತಳು. ನನ್ನ ಮಡಿಲು ಇಲ್ಲಿ ಇತ್ತು. ನಾನು ತಡೆದುಕೊಳ್ಳಲಾರೆ ಎಂದು ಅವರವರೇ ತೀರ್ಮಾನ ಮಾಡಿಬಿಟ್ಟರು. ಎರಡು ಕೂಸನ್ನು ಮಣ್ಣಿಗಿಟ್ಟವಳು ನಾನು. ಏನು ತಡೆದುಕೊಳ್ಳಬಲ್ಲೆ ಎಂದು ನನ್ನನ್ನು ಕೇಳಬೇಕಿತ್ತು.

ಹೇಳಮ್ಮ. ಅಮ್ಮನ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳು. ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡ.

*ಮಂಡ್ಯದಲ್ಲಿ ಬಹಳ ಕಾಲ ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸ್ ಒಬ್ಬರು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿದ್ದಾರೆ.*

ನಿವೃತ್ತ ನರ್ಸ್, ಮಂಡ್ಯ

ಹೇಳುವುದು ಬಿಡುವುದು ಆಮೇಲೆ. ನೀವು ತಪಾಸಣೆ ಮಾಡಿಸಿಕೊಂಡಿರಾ? ಮಕ್ಕಳಾಗುವ ವಯಸ್ಸು ಮುಗಿಯಿತು, ಇನ್ನೇನು ಅಂದುಕೊಳ್ಳಬೇಡಿ. ಈ ಮಾತ್ರೆ ತಗೊಂಡವರ ಹೆಣ್ಣುಮಕ್ಕಳಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ ಯೋನಿ ಅಥವಾ ಗರ್ಭಕೋಶದ ಬಾಯಿಯಲ್ಲಿ ಒಂದು ಅಪರೂಪದ ಕ್ಯಾನ್ಸರ್ ಬರುತ್ತದೆ. ಹೆಚ್ಚಾಗಿ ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಆದರೆ ವಯಸ್ಸಾದ ಮೇಲೂ ಬಂದದ್ದಿದೆ. ನಲವತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರಿನ ಸಾಧ್ಯತೆಯೂ ಬೇರೆಯವರಿಗಿಂತ ಜಾಸ್ತಿ ಇರಬಹುದು. ಹೆದರಿಸಲು ಹೇಳುತ್ತಿಲ್ಲ. ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ.

ವರ್ಷಕ್ಕೊಮ್ಮೆ ಪ್ಯಾಪ್ ಪರೀಕ್ಷೆ, ಅಂದರೆ ಕ್ಯಾನ್ಸರಿನ ಸುಳಿವು ಹುಡುಕುವ ಪರೀಕ್ಷೆ, ಮಾಡಿಸಿ. ಸಾಮಾನ್ಯವಾಗಿ ಗರ್ಭಕೋಶದ ಬಾಯಿಯಿಂದ ಮಾತ್ರ ಸ್ಯಾಂಪಲ್ ತೆಗೆಯುತ್ತಾರೆ. ನಿಮಗೆ ಯೋನಿಯ ಗೋಡೆಯಿಂದಲೂ ತೆಗೆಯಬೇಕು. ಅದಕ್ಕೇ ‘ನನ್ನ ತಾಯಿ ಸ್ಟಿಲ್ಬೆಸ್ಟ್ರಾಲ್ ತಗೊಂಡಿದ್ದರು’ ಎಂದು ಬಾಯಿಬಿಟ್ಟು ಹೇಳಿ. ಅದರ ಚಿಕ್ಕ ಹೆಸರು ಡಿಇಎಸ್, ಹಾಗೆ ಹೇಳಿದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ. ಗರ್ಭಕೋಶ ತೆಗೆಸಿದ್ದರೂ ಈ ಪರೀಕ್ಷೆ ಬೇಕು. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ತಪ್ಪಿಸಬೇಡಿ. ಚೀಟಿಯನ್ನು ಒಲೆಗಂತೂ ಹಾಕಲೇಬೇಡಿ, ನಾಲ್ಕು ಜೆರಾಕ್ಸ್ ಮಾಡಿಸಿಡಿ.

ಇನ್ನೊಂದು ಮಾತು. ಮಾತ್ರೆ ತಗೊಂಡ ತಾಯಂದಿರಿಗೂ ಸ್ತನ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಹೆಚ್ಚು. ನಿಮ್ಮ ತಾಯಿಯ ಮೈಯ ವಿಷಯವನ್ನು ನಿಮ್ಮ ತಾಯಿಯಿಂದಲೇ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಗಂಜಾಂನಿಂದ

ನಿಮಿಷಾಂಬಾ ತಾಯಿಗೆ ಹರಕೆ ಹೊತ್ತು ಬನ್ನಿ. ಮನಸ್ಸು ಹಗುರಾಗುತ್ತದೆ. ಹೇಳಬೇಕಾದ ಗಳಿಗೆಯನ್ನು ಅವಳೇ ತೋರಿಸುತ್ತಾಳೆ.

ಔಷಧಶಾಸ್ತ್ರದ ನಿವೃತ್ತ ಅಧ್ಯಾಪಕರು, ಸರಸ್ವತಿಪುರಂ, ಮೈಸೂರು

ಇಂಥ ಮಾತ್ರೆಯನ್ನು ಡಾಕ್ಟರುಗಳು ಹೇಗೆ ಕೊಟ್ಟರು ಎಂದು ಓದುಗರಿಗೆ ಅನಿಸಿರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಈ ಮಾತ್ರೆಯಲ್ಲಿರುವುದು ಪ್ರಯೋಗಾಲಯದಲ್ಲಿ ತಯಾರಿಸಿದ ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನು. ಅದು ಬಂದದ್ದು 1938ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ತಂಡದಿಂದ. ಅದಕ್ಕೆ ಪೇಟೆಂಟ್ ಇರಲಿಲ್ಲ. ಅಗ್ಗವಾಗಿ ಯಾರು ಬೇಕಾದರೂ ತಯಾರಿಸಬಹುದಿತ್ತು. ಗರ್ಭಪಾತ ತಡೆಯುತ್ತದೆ ಎಂಬ ನಂಬಿಕೆಯ ಮೇಲೆ 1947ರಲ್ಲಿ ಅಮೆರಿಕ ಇದನ್ನು ಗರ್ಭಿಣಿಯರಿಗೆ ಕೊಡಲು ಒಪ್ಪಿತು. ಶಿಕಾಗೋದಲ್ಲಿ ಸುಮಾರು 1,600 ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1953ರಲ್ಲಿ ಹೊರಬಂತು. ಅರ್ಧ ಜನರಿಗೆ ಈ ಮಾತ್ರೆ, ಇನ್ನರ್ಧಕ್ಕೆ ಔಷಧವಿಲ್ಲದ ಮಾತ್ರೆ. ಗರ್ಭ ಉಳಿಯಲು ಇದರಿಂದ ಏನೂ ಉಪಯೋಗವಿಲ್ಲ ಎಂದು ಆಗಲೇ ಗೊತ್ತಾಯಿತು. ಆದರೂ ಇನ್ನೂ ಹದಿನೆಂಟು ವರ್ಷ ಕೊಡುತ್ತಲೇ ಹೋದರು. ನನಗೆ ತಡೆಯಲಾಗದ ಸಿಟ್ಟು ಬರುವುದು ಇಲ್ಲಿ. ಕೇಡು ತಿಳಿದಿರಲಿಲ್ಲ ಎನ್ನಬಹುದು. ಪ್ರಯೋಜನವಿಲ್ಲ ಎಂದು ತಿಳಿದಿತ್ತಲ್ಲ!

1971ರಲ್ಲಿ ಬಾಸ್ಟನ್ನಿನ ವೈದ್ಯರು ಈ ಅಪರೂಪದ ಕ್ಯಾನ್ಸರ್ ಬಂದಿದ್ದ ಎಂಟು ಎಳೆಯ ಹೆಣ್ಣುಮಕ್ಕಳ ಬಗ್ಗೆ ಬರೆದರು. ಎಂಟರಲ್ಲಿ ಏಳು ಮಂದಿಯ ತಾಯಂದಿರು ಈ ಮಾತ್ರೆ ತಗೊಂಡಿದ್ದರು. ಅದೇ ವರ್ಷ ನವೆಂಬರಿನಲ್ಲಿ, ಗರ್ಭಿಣಿಯರಿಗೆ ಇದನ್ನು ಕೊಡಬೇಡಿ ಎಂದು ಅಲ್ಲಿನ ಸರ್ಕಾರ ವೈದ್ಯರಿಗೆ ಹೇಳಿತು. ನಿಮ್ಮ ಚೀಟಿ 1974ರದು. ಮೂರು ವರ್ಷವಾದರೂ ಆ ಸುದ್ದಿ ನಿಮ್ಮ ತಾಯಿಯವರೆಗೆ ಬರಲಿಲ್ಲ.

ಆ ಎಂಟು ಮಂದಿಯ ವಿಷಯ ಹೊರಬಂದ ಬಗೆಯನ್ನು ಹೇಳಬೇಕು. ‘ಇವಳು ಹೊಟ್ಟೆಯಲ್ಲಿದ್ದಾಗ ನಾನು ತಗೊಂಡ ಮಾತ್ರೆಯಿಂದ ಹೀಗಾಯಿತೇ?’ ಎಂದು ಮೊದಲು ಕೇಳಿದವಳು ಒಬ್ಬ ತಾಯಿ. ಡಾಕ್ಟರುಗಳಿಗೆ ಅದು ಹೊಳೆದಿರಲಿಲ್ಲ. ಆಮೇಲೆ ಉಳಿದ ತಾಯಂದಿರನ್ನೂ ಕೇಳಿದರು.

*ಆ ಕೊನೆಯ ಸಾಲುಗಳನ್ನು ನಾವು ಎರಡು ಸಲ ಓದಿದೆವು. ಮುಂದಿನ ಪತ್ರದ ವಿಷಯ ಬೇರೆ. ಆದರೂ ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಟ್ಟುಬಿಡುವಂತಿಲ್ಲ.*

ಮದ್ದೂರಿನಿಂದ

ಹಳೇ ಮಾತ್ರೆಯ ಮಾತಾಯಿತು. ಈಗಿನದು? ಗಂಡುಮಗು ಆಗಲಿ ಅಂತ ಎರಡನೇ ತಿಂಗಳಲ್ಲಿ ಹಾಲಿನಲ್ಲಿ ಕಲಸಿ ಕೊಡುವ ಪುಡಿ ನನಗೂ ಕೊಟ್ಟರು. ಅದರಲ್ಲಿ ಏನಿತ್ತು ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ನಾನು ಕುಡಿಯಲಿಲ್ಲ. ಅತ್ತೆ ಒಂದು ವಾರ ಮಾತಾಡಲಿಲ್ಲ. ಹೆಣ್ಣು ಹುಟ್ಟಿತು, ಗಟ್ಟಿಯಾಗಿದ್ದಾಳೆ. ಗರ್ಭಿಣಿಯರೇ, ಹೆಸರಿಲ್ಲದ ಯಾವುದನ್ನೂ ನುಂಗಬೇಡಿ. ಡಾಕ್ಟರ್ ಕೊಟ್ಟದ್ದಾದರೂ ‘ಇದು ಯಾತಕ್ಕೆ’ ಅಂತ ಕೇಳಿ, ಚೀಟಿ ಜೋಪಾನ ಮಾಡಿ.

ಪಾಂಡವಪುರದಿಂದ

ಗಂಡುಮಕ್ಕಳನ್ನು ಯಾಕೆ ಮರೆತಿರಿ? ಇದೇ ಮಾತ್ರೆಯಿಂದ ವೃಷಣ ಕೆಳಗಿಳಿಯದೆ ಉಳಿಯುವುದು, ಅಲ್ಲಿ ನೀರುಗುಳ್ಳೆ ಆಗುವುದು ಇದೆ. ಅಣ್ಣ ತಮ್ಮ ಇದ್ದರೆ ಅವರಿಗೂ ಹೇಳಿ.

ಕುವೆಂಪುನಗರ, ಮೈಸೂರಿನಿಂದ

ತಂಗಿ ಹೊಟ್ಟೆಯಲ್ಲಿದ್ದಾಗಲೂ ನಿಮ್ಮ ತಾಯಿ ಅದೇ ಮಾತ್ರೆ ತಗೊಂಡಿದ್ದರಾ? ಟ್ರಂಕಿನಲ್ಲಿ ಸಿಕ್ಕಿದ್ದು ಒಂದೇ ಚೀಟಿ. ಉಳಿದದ್ದು ಅಮ್ಮನಿಗೆ ಮಾತ್ರ ಗೊತ್ತು, ಅಲ್ವಾ?

*ನಮ್ಮನ್ನೂ ತಿಂಗಳಿಡೀ ಕಾಡಿದ ಪ್ರಶ್ನೆ ಇದೇ. ಪತ್ರಗಳನ್ನೆಲ್ಲ ಮೊದಲು ಆ ಓದುಗರಿಗೇ ಕಳಿಸಿಕೊಟ್ಟೆವು. ಅವರು ಫೋನ್ ಮಾಡಿದ್ದರು. ತಂಗಿಗೆ ಹೇಳಿದ್ದಾರೆ. ಅವಳು ಚೀಟಿಯ ಜೆರಾಕ್ಸ್ ಹಿಡಿದು ಪರೀಕ್ಷೆಗೆ ಹೋಗಿ ಬಂದಿದ್ದಾಳೆ, ವರದಿ ಬರಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಭಾನುವಾರ ಅಕ್ಕತಂಗಿ ಇಬ್ಬರೂ ಒಟ್ಟಿಗೆ ಕೂತು ಹೇಳುವುದೆಂದು ಮಾತಾಡಿಕೊಂಡಿದ್ದಾರೆ.*