ಯಾವ ಗಾಡಿಗೆ ಹೇಳಿದ ಮಾತು ಅದು?

ಮೊನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹೊಸನಗರದ ಭಾವ ಒಂದು ವಿಡಿಯೊ ಹಾಕಿದರು. ಮಳೆಗಾಲ ಮುಗಿಯುವ ತನಕ ಜೀಪಿನ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ 4 ಎಚ್, ತೆಗೆಯಬೇಡಿ, ಟಾರ್ ರಸ್ತೆಯಲ್ಲೂ ಹಾಗೇ ಓಡಿಸಿ ಅಂತ ಅದರಲ್ಲಿತ್ತು. ತೀರ್ಥಹಳ್ಳಿಯ ಅಣ್ಣ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಜೀಪ್ ತಗೊಂಡಿದ್ದಾನೆ. ಅವನಿಗೆ ಅಂತಲೇ ಹಾಕಿದ್ದು. ಆಮೇಲೆ ನಡೆದ ಮಾತನ್ನು ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಕಡೆ ಜೀಪ್ ಇರುವ ಮನೆ ಬಹಳ ಇವೆ.

ಅಣ್ಣ: ಒಳ್ಳೆಯದಾಯಿತು ಭಾವ. ನಾನೂ 15 ದಿನದಿಂದ ಹಾಗೇ ಓಡಿಸುತ್ತಿದ್ದೇನೆ. ಆದರೆ ತಿರುವಿನಲ್ಲಿ ಯಾರೋ ಬ್ರೇಕ್ ಹಿಡಿದ ಹಾಗಾಗುತ್ತದೆ. ಸ್ಟೀರಿಂಗ್ ಭಾರ. ಕೆಳಗಿನಿಂದ ಟಕ್ ಟಕ್ ಸದ್ದು.

ಭಾವ: ಅದಕ್ಕೂ ಹೇಳಿದ್ದಾರೆ ನೋಡು. ಗ್ರೀಸ್ ಹೊಡೆಸಿದರೆ ಸಾಕು.

ನಾನು: ಅಣ್ಣ, ದಯವಿಟ್ಟು ಮೊದಲು ಲಿವರ್ 4 ಎಚ್‌ನಿಂದ ತೆಗೆದು 2 ಎಚ್‌ಗೆ ಹಾಕು, ಹಿಂದಿನ ಎರಡು ಚಕ್ರ ಮಾತ್ರ ಎಳೆಯಲಿ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತೀಯಲ್ಲ. ಅಲ್ಲಿ 14 ತಿರುವು ಇದೆ. ಈ ಸ್ಥಿತಿಯಲ್ಲಿ ಇಳಿಯಬೇಡ.

ಭಾವ: ಲಕ್ಷಗಟ್ಟಲೆ ಜನ ನೋಡಿದ ವಿಡಿಯೊ ಮಾರಾಯ್ತಿ. ಅವರು ಸುಮ್ನೆ ಹೇಳುತ್ತಾರಾ?

ನಾನು: ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ ಭಾವ. ಅವರ ಗಾಡಿಯೇ ಬೇರೆ. ಅದು ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಗಾಡಿ. ಅದಕ್ಕೆ ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು, ಜೊತೆಗೆ ನಡುವೆಯೂ ಒಂದು ಡಿಫರೆನ್ಷಿಯಲ್ ಇದೆ. ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಅದು. ಅಣ್ಣನ ಜೀಪಿಗೆ ನಡುವಿನದು ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಸಣ್ಣ ಸುತ್ತು. 4 ಎಚ್ ಹಾಕಿದಾಗ ನಮ್ಮ ಜೀಪಿನಲ್ಲಿ ಆಕ್ಸಲ್‌ಗೆ ಎಳೆತ ಒಯ್ಯುವ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರ್ ಹಿಡಿದುಕೊಳ್ಳುತ್ತದೆ, ಜಾರಲು ಬಿಡುವುದಿಲ್ಲ. ಆಗ ಆ ತಿರುಚು ಎಲ್ಲಾ ಶಾಫ್ಟು, ಶಾಫ್ಟಿನ ತುದಿಯ ಕೀಲಾದ ಕ್ರಾಸು, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರಿನ ಮೇಲೆ ಬೀಳುತ್ತದೆ. ಅದಕ್ಕೆ ಗ್ರೀಸ್ ಏನು ಮಾಡೀತು?

ದೊಡ್ಡಪ್ಪ: ನಾನು ಹಳೇ ಜೀಪಿನಲ್ಲಿ 20 ವರ್ಷ ಅಡಿಕೆ ಸಾಗಿಸಿದ್ದೇನೆ ಮಗಳೇ. ಎಷ್ಟೋ ಸಲ ಲಿವರ್ ನಾಲ್ಕರಲ್ಲೇ ಇದ್ದು ಪೇಟೆಗೆ ಬಂದಿದ್ದೇನೆ. ಏನೂ ಆಗಿಲ್ಲ.

ನಾನು: ದೊಡ್ಡಪ್ಪ, ನಿಮ್ಮ ಜೀಪಿನ ಮುಂದಿನ ಚಕ್ರದ ನಡುವಿನ ಹಬ್ ಕೈಯಲ್ಲಿ ತಿರುಗಿಸುವುದಾಗಿತ್ತು ಅಲ್ವಾ?

ದೊಡ್ಡಪ್ಪ: ಹೌದು. ಗದ್ದೆಗೆ ಇಳಿಯುವ ಮೊದಲು ಲಾಕ್, ಟಾರಿಗೆ ಹತ್ತಿದ ಮೇಲೆ ಫ್ರೀ.

ನಾನು: ಅದೇ ನಿಮ್ಮ ಜೀಪನ್ನು ಉಳಿಸಿದ್ದು. ಹಬ್ ಫ್ರೀ ಇದ್ದರೆ ಲಿವರ್ ನಾಲ್ಕರಲ್ಲಿದ್ದರೂ ಮುಂದಿನ ಚಕ್ರಕ್ಕೆ ಎಳೆತ ಹೋಗುವುದಿಲ್ಲ. ಅಣ್ಣನ ಜೀಪಿಗೆ ಆ ಹಬ್ ಇಲ್ಲ.

ದೊಡ್ಡಪ್ಪ: ಹಾಗಾದರೆ ಸರಿ. ಕೊಡಚಾದ್ರಿಗೆ ಜನ ಕರೆದೊಯ್ಯುವ ಜೀಪಿನವರನ್ನೂ ಒಂದು ಮಾತು ಕೇಳಿ. ದಿನಾ ಹತ್ತಿ ಇಳಿಯುವವರು ಅವರು.

ಅತ್ತಿಗೆ: ನನಗೆ ತಲೆಬಿಸಿ ಆಗಿದೆ. ಇಲ್ಲಿ ಒಬ್ಬ ಮೆಕ್ಯಾನಿಕ್ ಸದ್ದು ಕೇಳಿದ್ದೇ ಟ್ರಾನ್ಸ್‌ಫರ್ ಕೇಸ್ ಪೂರ್ತಿ ಬಿಚ್ಚಬೇಕು ಅಂದ. ವಿಡಿಯೊ ಒಂದು ಹೇಳುತ್ತದೆ, ನೀನೊಂದು ಹೇಳುತ್ತೀಯ. ಯಾರನ್ನು ನಂಬುವುದು?

ನಾನು: ಅತ್ತಿಗೆ, ನನ್ನನ್ನೂ ಹಾಗೇ ನಂಬಬೇಡಿ. ಗಾಡಿಯ ಜೊತೆ ಬರುವ ಪುಸ್ತಕ ಡ್ಯಾಶ್ ಬೋರ್ಡಿನ ಗೂಡಿನಲ್ಲಿ ಇರಬಹುದು. 4 ಎಚ್ ಎಲ್ಲಿ ಹಾಕಬೇಕು, ಯಾವ ಆಯಿಲ್, ಎಷ್ಟು, ಎಲ್ಲಾ ಅದರಲ್ಲಿದೆ. ಅದನ್ನು ಓದಿದ ಮೇಲೆ ಮಿಕ್ಕವರ ಮಾತು.

ಎರಡು ವರ್ಷದ ಹಿಂದೆ ನಾನು ಪೆಟ್ಟು ತಿಂದೇ ಕಲಿತೆ. ಹಳ್ಳ ದಾಟಿದ ಮೇಲೆ ನನ್ನ ಗಾಡಿ ಹಿಂದಿನಿಂದ ಗುಂಯ್ ಅನ್ನತೊಡಗಿತು. ಫೋನಿನಲ್ಲಿ ಮೂವರನ್ನು ಕೇಳಿದೆ. ಒಬ್ಬರು ಬೇರಿಂಗ್ ಅಂದರು, ಒಬ್ಬರು ಟಯರ್ ಅಂದರು, ಒಬ್ಬರು ಗೇರ್ ಬಾಕ್ಸ್ ಅಂದರು. ಬೇರಿಂಗ್ ಬದಲಿಸಿದೆ, ಸದ್ದು ಹೋಗಲಿಲ್ಲ. ನಾಲ್ಕನೆಯವರು ನನ್ನನ್ನು ಪಕ್ಕಕ್ಕೆ ಕೂರಿಸಿ ತಾವೇ ಓಡಿಸಿದರು. ಯಾವ ವೇಗದಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಏನಾಗುತ್ತದೆ, ಹಳ್ಳದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿದರು. ಆಮೇಲೆ ಹಿಂದಿನ ಡಿಫರೆನ್ಷಿಯಲ್ ಕೂರುವ ಗೂಡಿನ, ಅಂದರೆ ಹೌಸಿಂಗ್‌ನ, ಪ್ಲಗ್ ಬಿಚ್ಚಿದರೆ ಆಯಿಲ್ ಗಂಜಿಯ ಹಾಗೆ ಬೆಳ್ಳಗೆ! ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಸೀಲು, ಆಯಿಲ್ ಬದಲಿಸಿ ಬ್ರೀದರ್ ಬಿಡಿಸಿದ ಮೇಲೆ ಸದ್ದು ನಿಂತಿತು.

ನಿಮ್ಮ ಮೆಕ್ಯಾನಿಕ್ ಗಾಡಿ ಓಡಿಸಿ ನೋಡಿದನಾ? 2 ಎಚ್‌ನಲ್ಲೂ ಸದ್ದು ಬರುತ್ತದಾ ಅಂತ ಕೇಳಿದನಾ?

ಅತ್ತಿಗೆ: ಇಲ್ಲ. ಅಂಗಳದಲ್ಲಿ ನಿಂತೇ ಹೇಳಿದ.

ನಾನು: ಹಾಗಾದರೆ ಬಿಚ್ಚಿಸಬೇಡಿ.

ಬೆಳಿಗ್ಗೆ 8 ಗಂಟೆಗೆ ಅಣ್ಣನ ಮೆಸೇಜ್ ಬಂತು.

ಅಣ್ಣ: ಲಿವರ್ ಬರಲೇ ಇಲ್ಲ, ಕಚ್ಚಿಕೊಂಡಿತ್ತು. ನೀನು ರಾತ್ರಿ ಫೋನಿನಲ್ಲಿ ಹೇಳಿದ ಹಾಗೆ ಅಂಗಳದಲ್ಲಿ ನೇರವಾಗಿ ಸ್ವಲ್ಪ ರಿವರ್ಸ್ ತೆಗೆದೆ. ಢಂ ಅಂತ ಸದ್ದಾಗಿ ಬಿಟ್ಟುಕೊಂಡಿತು. 2 ಎಚ್‌ನಲ್ಲಿ ಪೇಟೆಗೆ ಹೋಗಿ ಬಂದೆ. ಸ್ಟೀರಿಂಗ್ ಹಗುರ. ತಿರುವಿನಲ್ಲಿ ಹಿಡಿಯುವುದಿಲ್ಲ. ಆದರೆ ರಿವರ್ಸಿನಿಂದ ಮುಂದಕ್ಕೆ ಹಾಕಿದಾಗ ಒಂದು ಟಕ್ ಇದ್ದೇ ಇದೆ.

ನಾನು: ಅದು ಕ್ರಾಸ್ ಇರಬಹುದು. ಸಮ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಚಕ್ರಕ್ಕೆ ಕಲ್ಲು ಕೊಡು. ನ್ಯೂಟ್ರಲ್ ಮಾಡಿ ಕ್ರಾಸಿನ ಎರಡೂ ಬದಿ ಹಿಡಿದು ತಿರುಚಿ ನೋಡು. ಕ್ರಾಸಿನಲ್ಲೇ ಆಟ ಕಂಡರೆ ಸವೆದಿದೆ ಅಂತ ಅರ್ಥ.

ಅಣ್ಣ: ನೋಡಿದೆ. ಹಿಂದಿನದರಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದೆ.

ಭಾವ: ಆ ವಿಡಿಯೊ ಇಲ್ಲಿಂದ ಅಳಿಸಿದೆ. ನಮ್ಮ ಸೊಸೈಟಿ ಗುಂಪಿಗೂ ಹಾಕಿದ್ದೆ. ಅಲ್ಲಿ ಮೂರು ಜನರ ಹತ್ತಿರ ಜೀಪ್ ಇದೆ. ಈಗಲೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.

ಅತ್ತಿಗೆ: ಭಾನುವಾರ ನಾವು ಬಸ್ಸಿನಲ್ಲೇ ಹೋಗುತ್ತೇವೆ. ಕ್ರಾಸ್ ಹಾಕಿಸಿದ ಮೇಲೆ ಜೀಪ್ ಹತ್ತುತ್ತೇವೆ.